ಹಿತ್ತಲ ಮನೆ ಯಾವ ಲೆಕ್ಕಕ್ಕೆ?

(ಕ್ಯಾಲಿಫೋರ್ನಿಯಾದ ನಮ್ಮ ಊರಿನ ಕನ್ನಡ ಬಳಗದವರು ಇಟ್ಟುಕೊಂಡಿದ್ದ ಭಾನುವಾರದ ಮಾತುಕತೆಯಲ್ಲಿ ಹೇಳಿದ್ದರ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದ ಶುರು ಮಾಡುತ್ತೇನೆ. ಔಟ್‌ಹೌಸ್. ಮೈಸೂರಿನಲ್ಲೋ ಬೆಂಗಳೂರಿನ ಬಸವನಗುಡಿಯಲ್ಲೋ ಬೆಳೆದವರಿಗೆ ಔಟ್‌ಹೌಸ್ ಅಂದರೆ ಕಾಂಪೌಂಡಿನ ಒಳಗೆ, ದೊಡ್ಡ ಮನೆಯ ಹಿಂದೆ ಇರುವ ಪುಟ್ಟ ಮನೆ. ಒಂದು ರೂಮು, ಒಂದು ಅಡುಗೆಮನೆ. ಬಾಡಿಗೆಗೆ ಯಾರೋ ಮೇಷ್ಟ್ರು ಇರುತ್ತಿದ್ದರು, ಇಲ್ಲವೇ ಕಾಲೇಜಿಗೆ ಬಂದ ಹುಡುಗರು. ಅಮೆರಿಕದಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಇಲ್ಲಿ ಔಟ್‌ಹೌಸ್ ಅಂದರೆ ಹಳೇ ಕಾಲದ ಹಳ್ಳಿಮನೆಗಳ ಹಿತ್ತಲಿನಲ್ಲಿ ಗುಂಡಿ ತೋಡಿ, ಮೇಲೆ ಮರದ ಗೂಡು ನಿಲ್ಲಿಸಿದ ಕಕ್ಕಸು. ಹಾಗಾಗಿ ಮನೆಯ ಬೆಲೆ ಕಟ್ಟಲು ಬಂದವರ ಹತ್ತಿರ ಆ ಪದ ಬಳಸಬೇಡಿ. ಅವರ ಪದ ಔಟ್‌ಬಿಲ್ಡಿಂಗ್. ಮನೆಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತ, ಜನ ವಾಸ ಮಾಡದ ಕಟ್ಟಡ. ಶೆಡ್ಡು, ಕೊಟ್ಟಿಗೆ, ಮರಗೆಲಸದ ಕೋಣೆ, ಈಜುಕೊಳದ ಪಕ್ಕದ ಕೋಣೆ, ಎಲ್ಲವೂ ಅದರೊಳಗೆ ಬರುತ್ತವೆ.

ನಮ್ಮ ಮೈಸೂರಿನ ಔಟ್‌ಹೌಸಿಗೆ ಇಲ್ಲಿ ಇನ್ನೊಂದು ಹೆಸರಿದೆ. ಅಕ್ಸೆಸರಿ ಡ್ವೆಲಿಂಗ್ ಯುನಿಟ್, ಚಿಕ್ಕದಾಗಿ ಎಡಿಯು. ಗ್ರ್ಯಾನಿ ಫ್ಲಾಟ್ ಅಂತಲೂ ಕರೆಯುತ್ತಾರೆ, ಅರಿಜೋನಾ ಕಡೆ ಕಸೀಟ ಅನ್ನುತ್ತಾರೆ. ಔಟ್‌ಬಿಲ್ಡಿಂಗ್ ಮತ್ತು ಎಡಿಯು, ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದೆ ನಮ್ಮ ಜನ ಕೂಡಿಟ್ಟ ದುಡ್ಡನ್ನು ಹಿತ್ತಲಿಗೆ ಸುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇವತ್ತು ಬಂದಿದ್ದೇನೆ.

ನಾನು ಅಪ್ರೈಸರ್. ನೀವು ಮನೆ ಕೊಂಡಾಗ ಅಥವಾ ರೀಫೈನಾನ್ಸ್ ಮಾಡಿಸಿದಾಗ, ಅಂದರೆ ಹಳೇ ಸಾಲ ತೀರಿಸಿ ಅದೇ ಮನೆಯ ಮೇಲೆ ಹೊಸ ಸಾಲ ತೆಗೆದಾಗ, ಸಾಲ ಕೊಡುವ ಬ್ಯಾಂಕು ಈ ಮನೆ ನಿಜಕ್ಕೂ ಅಷ್ಟು ಬಾಳುತ್ತದಾ ಅಂತ ತಿಳಿಯಲು ಒಬ್ಬರನ್ನು ಕಳಿಸುತ್ತದಲ್ಲ, ಅದು ನಾನು. ಫೀಸು ನಿಮ್ಮ ಜೇಬಿನಿಂದ ಹೋಗುತ್ತದೆ, ಆದರೆ ನಾನು ಉತ್ತರ ಕೊಡಬೇಕಾದದ್ದು ಬ್ಯಾಂಕಿಗೆ. ಆಸ್ತಿ ತೆರಿಗೆಗೆ ಬೆಲೆ ಕಟ್ಟುವ ಕೌಂಟಿ ಅಸೆಸರ್ ಬೇರೆ, ಅವರ ಲೆಕ್ಕವೂ ಬೇರೆ. ಈ ಎರಡನ್ನು ತುಂಬಾ ಜನ ಒಂದೇ ಅಂದುಕೊಂಡಿರುತ್ತಾರೆ. ಗ್ರಾಹಕರ ಗುಟ್ಟು ಕಾಯಬೇಕೆಂಬ ನಿಯಮ ನಮಗೆ ಇದೆ. ಆದ್ದರಿಂದ ನಾನು ಹೇಳುವ ಮನೆಗಳ ಊರು, ಅಂಕಿ ಎಲ್ಲ ಬದಲಾಯಿಸಿ ಹೇಳುತ್ತೇನೆ.

ಕಳೆದ ಕೆಲವು ವರ್ಷಗಳಿಂದ ನಾನು ಹೋಗುವ ಮನೆಗಳ ಹಿತ್ತಲಲ್ಲಿ ಹೊಸ ಕಟ್ಟಡಗಳು ಜಾಸ್ತಿ ಆಗಿವೆ. ಕಾರಣ ನಿಮಗೆಲ್ಲ ಗೊತ್ತು. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬರುತ್ತಾರೆ. ಮಹಡಿ ಹತ್ತಲು ಅವರಿಗೆ ಮಂಡಿ ನೋವು. ಕೋವಿಡ್ ಬಂದಮೇಲೆ ಆಫೀಸಿಗೆ ಒಂದು ಕೋಣೆ ಬೇಕಾಯಿತು. ಜೊತೆಗೆ 2020ರಿಂದ ಕ್ಯಾಲಿಫೋರ್ನಿಯಾದ ಕಾನೂನೂ ಸಡಿಲವಾಯಿತು. ಪಕ್ಕದ ಮತ್ತು ಹಿಂದಿನ ಬೇಲಿಯಿಂದ 4 ಅಡಿ ಬಿಟ್ಟು, 800 ಚದರ ಅಡಿಯ ಎಡಿಯು ಕಟ್ಟುತ್ತೇವೆ ಅಂದರೆ ಊರಿನ ಆಡಳಿತದವರು ಜಾಗ ಸಾಲದು ಅನ್ನುವ ನೆಪ ಹೇಳಿ ತಡೆಯುವ ಹಾಗಿಲ್ಲ. ಅರ್ಜಿ ಪೂರ್ತಿ ಇದ್ದರೆ 60 ದಿನದಲ್ಲಿ ಉತ್ತರ ಕೊಡಬೇಕು. ಹೀಗಾಗಿ ಕಟ್ಟುವುದು ಸುಲಭವಾಯಿತು. ಕಟ್ಟಿದ್ದನ್ನು ಎಣಿಸುವುದು ಹೇಗೆ ಅಂತ ಮಾತ್ರ ಯಾರೂ ಕೂರಿಸಿ ಹೇಳಲಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ 1,820 ಚದರ ಅಡಿ. ಹಿಂದೆ ಬೇರೆಯಾಗಿ ನಿಂತಿದ್ದ ಎರಡು ಕಾರಿನ ಗ್ಯಾರೇಜು, 20 ಅಡಿಗೆ 20 ಅಡಿ, ಅಂದರೆ 400 ಚದರ ಅಡಿ. ಅದನ್ನು ಅಮ್ಮನಿಗೆ ಅಂತ ಕೋಣೆ ಮಾಡಿಸಿದ್ದರು. ಬಹಳ ಚೆನ್ನಾಗಿ ಮಾಡಿಸಿದ್ದರು. ಮರದ ನೆಲ, ಬಿಸಿಗೂ ತಣ್ಣಗೂ ಆಗುವ ಏಸಿ, ಕೈ ಹಿಡಿದುಕೊಳ್ಳಲು ಕಂಬಿ ಇರುವ ಬಚ್ಚಲು, ನಿಂಬೆ ಗಿಡದ ಕಡೆ ದೊಡ್ಡ ಕಿಟಕಿ. ಒಲೆ ಇರಲಿಲ್ಲ. ಅಮ್ಮ ಊಟಕ್ಕೆ ದೊಡ್ಡ ಮನೆಗೆ ಬರುತ್ತಿದ್ದರು. ನಾನು ಹೋದಾಗ ಅವರು ಮಂಚದ ಮೇಲೆ ಕೂತು ಹೂವು ಕಟ್ಟುತ್ತಿದ್ದರು. "ಏನಮ್ಮಾ, ಟೇಪು ಹಿಡಿದು ನನ್ನ ರೂಮನ್ನ ಅಳೀತಿದ್ದೀಯಾ?" ಅಂತ ಕೇಳಿದರು. ಹೌದು ಅಂದೆ.

ಮಗ ಅಷ್ಟರಲ್ಲಿ ಲೆಕ್ಕ ಹಾಕಿಟ್ಟಿದ್ದ. 1,820ಕ್ಕೆ 400 ಸೇರಿದರೆ 2,220. ಆ ಬೀದಿಯಲ್ಲಿ ಮನೆಗಳು ಚದರ ಅಡಿಗೆ 700 ಡಾಲರಿನ ಹಾಗೆ ಹೋಗುತ್ತಿದ್ದವು ಅಂತಿಟ್ಟುಕೊಳ್ಳಿ. ಹಾಗಾದರೆ ಅಮ್ಮನ ಕೋಣೆಯಿಂದಲೇ 2 ಲಕ್ಷ 80 ಸಾವಿರ ಡಾಲರ್ ಹೆಚ್ಚು ಬರಬೇಕು. ಖರ್ಚು ಮಾಡಿದ್ದು ಅದಕ್ಕಿಂತ ಕಡಿಮೆ. ಲಾಭವೇ ಲಾಭ ಅಂತ ಅವನ ನಂಬಿಕೆ. ರೀಫೈನಾನ್ಸ್ ಮಾಡಿಸಿ, ಕೋಣೆಗೆ ಅಂತ ಮಾಡಿದ್ದ ಕ್ರೆಡಿಟ್ ಕಾರ್ಡಿನ ಸಾಲ ತೀರಿಸಬೇಕು ಅಂದುಕೊಂಡಿದ್ದ.

ನಾನು ರಿಪೋರ್ಟಿನಲ್ಲಿ ಮನೆಯ ಅಳತೆ ಅಂತ ಬರೆದದ್ದು 1,820. ಅದಕ್ಕೆ ಒಂದು ಅಡಿಯನ್ನೂ ಸೇರಿಸಲಿಲ್ಲ.

ಯಾಕೆ ಅಂದರೆ, ನಾವು ಅಳೆಯುವುದಕ್ಕೆ ಒಂದು ಮಾನದಂಡ ಇದೆ. ಆನ್ಸಿ ಜೆಡ್765 ಅಂತ. ಮನೆ ಕಟ್ಟುವವರ ವಲಯದಿಂದಲೇ 1996ರಲ್ಲಿ ಬಂದದ್ದು. 2022ರ ಏಪ್ರಿಲ್ 1ರಿಂದ ಫ್ಯಾನಿ ಮೇ ಅದನ್ನು ಕಡ್ಡಾಯ ಮಾಡಿತು, ಆಮೇಲೆ ಫ್ರೆಡ್ಡಿ ಮ್ಯಾಕ್ ಕೂಡ. ಬ್ಯಾಂಕುಗಳು ಕೊಟ್ಟ ಮನೆ ಸಾಲಗಳನ್ನು ಕೊಂಡುಕೊಳ್ಳುವ ಎರಡು ದೊಡ್ಡ ಸಂಸ್ಥೆಗಳು ಇವು. ಅವರು ಹೇಳಿದ ಹಾಗೆ ಬ್ಯಾಂಕು ಕೇಳುತ್ತದೆ, ಬ್ಯಾಂಕು ಕೇಳಿದ ಹಾಗೆ ನಾವು ಅಳೆಯುತ್ತೇವೆ. ಮನೆಯ ಹೊರಗೋಡೆಯಿಂದ ಹೊರಗೋಡೆಗೆ ಟೇಪು ಹಿಡಿಯಬೇಕು. ಇಂಚಿನ ಲೆಕ್ಕದಲ್ಲಿ ಇಲ್ಲವೇ ಅಡಿಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೆಯಬೇಕು. ನೆಲಮಟ್ಟದಿಂದ ಮೇಲಿರಬೇಕು, ಪೂರ್ತಿ ಮುಗಿಸಿದ ಕೋಣೆ ಆಗಿರಬೇಕು, ಚಾವಣಿ 7 ಅಡಿ ಇರಬೇಕು. ಇಳಿಜಾರು ಚಾವಣಿ ಆದರೆ ಕೋಣೆಯ ಅರ್ಧ ಭಾಗಕ್ಕಾದರೂ 7 ಅಡಿ ಎತ್ತರ ಇರಬೇಕು, 5 ಅಡಿಗಿಂತ ಕೆಳಗಿನ ಜಾಗವನ್ನು ಎಣಿಸುವ ಹಾಗೇ ಇಲ್ಲ. ಹೀಗೆ ಸಿಕ್ಕ ಮೊತ್ತಕ್ಕೆ ಗ್ರಾಸ್ ಲಿವಿಂಗ್ ಏರಿಯಾ, ಅಂದರೆ ಜಿಎಲ್‌ಎ ಅನ್ನುತ್ತೇವೆ.

ಇಷ್ಟೂ ಅಮ್ಮನ ಕೋಣೆಗೆ ಇತ್ತು. ಇಲ್ಲದ್ದು ಒಂದೇ. ಜಿಎಲ್‌ಎಗೆ ಸೇರಬೇಕಾದರೆ, ಮನೆಯ ಒಳಗಿನಿಂದಲೇ, ಮುಗಿಸಿದ ಜಾಗದ ಮೂಲಕವೇ, ಅಲ್ಲಿಗೆ ನಡೆದು ಹೋಗುವಂತಿರಬೇಕು. ನಡುಮನೆ ಇರಬಹುದು, ಮೆಟ್ಟಿಲು ಇರಬಹುದು, ಆದರೆ ದಾರಿ ತುಂಡಾಗಬಾರದು.

ನಾನು ಹೊರಡುವಾಗ ಅಮ್ಮ ಮತ್ತೆ ಕೇಳಿದರು. "ಹಾಗಾದ್ರೆ ನನ್ನ ರೂಮು ಮನೆಗೆ ಸೇರಲ್ವಾ?" ಬೆಲೆ ಎಷ್ಟು ಅಂತ ಮನೆಯವರ ಹತ್ತಿರ ನಾನು ಮಾತಾಡುವ ಹಾಗಿಲ್ಲ, ಆದರೆ ನಿಯಮ ಹೇಳಬಹುದು. ನಾನು ಕೇಳಿದೆ, "ಅಮ್ಮಾ, ನೀವು ಊಟಕ್ಕೆ ಆ ಮನೆಗೆ ಹೋಗುವಾಗ ಚಪ್ಪಲಿ ಹಾಕ್ಕೋತೀರಾ?" "ಹಾಕ್ಕೋಬೇಕಲ್ಲ, ಕಲ್ಲು ಚುಚ್ಚುತ್ತೆ" ಅಂದರು. "ಅದೇ ಅಮ್ಮಾ ವಿಷಯ" ಅಂದೆ. ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು.

ಅವತ್ತಿನಿಂದ ನಾನು ನಮ್ಮವರಿಗೆಲ್ಲ ಹಾಗೇ ಹೇಳುತ್ತೇನೆ. ಚಪ್ಪಲಿ ಹಾಕಿಕೊಂಡು ಹೋಗಬೇಕಾದ ಕೋಣೆ ಮನೆಯ ಅಳತೆಗೆ ಸೇರುವುದಿಲ್ಲ. ಮೇಲೆ ಶೀಟು ಹೊದಿಸಿದ ಓಣಿ ಮಾಡಿ ಎರಡನ್ನೂ ಕೂಡಿಸಿದರೂ, ಅದಕ್ಕೆ ಗೋಡೆ, ಬಿಸಿ ವ್ಯವಸ್ಥೆ ಇಲ್ಲದಿದ್ದರೆ ಅದು ಹೊರಗೇ. ಒಂದು ತಿದ್ದುಪಡಿ ಮಾತ್ರ ಇದೆ. ಮನೆಗೆ ಅಂಟಿಕೊಂಡ ಗ್ಯಾರೇಜಿನ ಮೇಲೆ ಚಂದದ ಕೋಣೆ ಇದ್ದು, ಅಲ್ಲಿಗೆ ಮೆಟ್ಟಿಲು ಗ್ಯಾರೇಜಿನ ಒಳಗಿನಿಂದಲೇ ಇದ್ದರೆ, ಚಪ್ಪಲಿ ಬೇಕಾಗದೇ ಇರಬಹುದು. ಆದರೂ ಸೇರುವುದಿಲ್ಲ. ಗ್ಯಾರೇಜು ಮುಗಿಸಿದ ಜಾಗ ಅಲ್ಲ, ದಾರಿ ಅಲ್ಲಿ ತುಂಡಾಯಿತು.

ಹಾಗಾದರೆ ಆ 400 ಅಡಿ ಎಲ್ಲಿಗೆ ಹೋಯಿತು? ಗಾಳಿಗೆ ಹೋಗಲಿಲ್ಲ. ನಾವು ತುಂಬುವ ಫಾರ್ಮಿನಲ್ಲಿ ಒಂದು ಕೋಷ್ಟಕ ಇರುತ್ತದೆ. ಒಂದು ಕಡೆ ನಿಮ್ಮ ಮನೆ, ಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಹೋಲುವ ಮನೆಗಳು. ನಾವು ಅವಕ್ಕೆ ಕಾಂಪ್ ಅನ್ನುತ್ತೇವೆ. ಸಾಲು ಸಾಲಾಗಿ ಹೋಲಿಸುತ್ತಾ ಬರುತ್ತೇವೆ. ಜಿಎಲ್‌ಎಗೆ ಒಂದು ಸಾಲು, ನೆಲಮಾಳಿಗೆಗೆ ಒಂದು ಸಾಲು, ಗ್ಯಾರೇಜಿಗೆ ಒಂದು, ಜಗುಲಿಗೆ ಒಂದು. ಕೆಳಗೆ ಕೆಲವು ಖಾಲಿ ಸಾಲುಗಳು. ಇಷ್ಟು ವರ್ಷ ಚಾಲ್ತಿಯಲ್ಲಿರುವ ಫಾರ್ಮು 2005ರ ಮಾರ್ಚ್‌ನದ್ದು. ಅದರಲ್ಲಿ ಹಿತ್ತಲಿನ ಕೋಣೆ, ಶೆಡ್ಡು, ಕೊಟ್ಟಿಗೆ ಎಲ್ಲವೂ ಆ ಖಾಲಿ ಸಾಲಿಗೇ ಹೋಗುತ್ತಿದ್ದವು. ಈಗ ಹೊಸ ಫಾರ್ಮು ಬರುತ್ತಿದೆ, 2026ರ ನವೆಂಬರ್ 2ರಿಂದ ಕಡ್ಡಾಯ ಅಂತ ದಿನ ಗೊತ್ತುಮಾಡಿದ್ದಾರೆ. ಅದರಲ್ಲಿ ಔಟ್‌ಬಿಲ್ಡಿಂಗಿಗೆ ಅದರದೇ ಆದ ಭಾಗ ಇದೆ. ಬೇರೆಯಾಗಿ ನಿಂತ ಗ್ಯಾರೇಜು ವಾಹನ ನಿಲ್ಲಿಸುವ ಜಾಗದ ಭಾಗಕ್ಕೆ ಹೋಗುತ್ತದೆ. ಎಡಿಯು ಆದರೆ ಅದು ವಾಸದ ಮನೆಯಾಗಿಯೇ ದಾಖಲಾಗುತ್ತದೆ. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಖಾಲಿ ಸಾಲಿನಲ್ಲಿ ನಾಲ್ಕು ಪದ ಬರೆದು ಒಂದು ಒಳ್ಳೆ ಕಟ್ಟಡವನ್ನು ಮುಗಿಸಿಬಿಡುವುದು ಸರಿಯಲ್ಲ.

ಆ ಸಾಲಿಗೆ ಎಷ್ಟು ಡಾಲರ್ ಬರೆಯುತ್ತೇನೆ ಅನ್ನುವುದೇ ಮುಖ್ಯ ಪ್ರಶ್ನೆ. ನೀವು ಮಾಡಿದ ಖರ್ಚನ್ನು ನಾನು ಬರೆಯುವುದಿಲ್ಲ. ಕೊಳ್ಳುವವರು ಅದಕ್ಕೆ ಎಷ್ಟು ಹೆಚ್ಚು ಕೊಡುತ್ತಾರೆ ಅನ್ನುವುದನ್ನು ಬರೆಯುತ್ತೇನೆ. ಹೆಚ್ಚು ಕಡಿಮೆ ಒಂದೇ ಥರದ ಎರಡು ಮನೆ ಹುಡುಕುತ್ತೇನೆ. ಒಂದಕ್ಕೆ ಹಿತ್ತಲ ಕೋಣೆ ಇದೆ, ಇನ್ನೊಂದಕ್ಕೆ ಇಲ್ಲ. ಉದಾಹರಣೆಗೆ ಒಂದು 13 ಲಕ್ಷ 20 ಸಾವಿರಕ್ಕೆ ಹೋಯಿತು, ಇನ್ನೊಂದು 12 ಲಕ್ಷ 60 ಸಾವಿರಕ್ಕೆ. ಉಳಿದೆಲ್ಲ ಸಮ ಅಂದರೆ ಆ ಕೋಣೆಗೆ ಜನ ಕೊಟ್ಟದ್ದು 60 ಸಾವಿರ. ಹೀಗೆ ಮೂರು ನಾಲ್ಕು ಜೋಡಿ ಸಿಕ್ಕರೆ ಒಂದು ಅಂದಾಜಿಗೆ ಬರುತ್ತೇನೆ. ಚದರ ಅಡಿಗೆ 700 ಅನ್ನುವುದು ನಿವೇಶನ, ಅಡುಗೆಮನೆ, ಸೂರು, ಶಾಲೆಯ ಹತ್ತಿರದ ಬೀದಿ ಎಲ್ಲ ಸೇರಿದ ಬೆಲೆ. ಹಿತ್ತಲಲ್ಲಿ ನಿಂತ ಕೋಣೆಗೆ ಇನ್ನೊಂದು ನಿವೇಶನ ಬಂದಿಲ್ಲವಲ್ಲ. ಅದಲ್ಲದೆ ಆ ಮನೆಯವರು ಕಳೆದುಕೊಂಡದ್ದೂ ಒಂದಿದೆ. ಎರಡು ಕಾರಿನ ಗ್ಯಾರೇಜು. ಆ ಸಾಲಿನಲ್ಲಿ ಕಾಂಪ್‌ಗಳಿಗೆಲ್ಲ ಗ್ಯಾರೇಜು ಇತ್ತು, ಇವರಿಗೆ ಸೊನ್ನೆ. ಅಲ್ಲೂ ಒಂದಿಷ್ಟು ಕಳೆಯಬೇಕಾಯಿತು.

ಈಗ ಒಲೆಯ ವಿಷಯ. ನಿಮ್ಮಲ್ಲಿ ಬಹಳ ಜನಕ್ಕೆ ಬೇಕಾದ ಮಾತು ಇದು.

ಹಿತ್ತಲ ಕಟ್ಟಡ ಎಡಿಯು ಆಗಬೇಕಾದರೆ ಒಬ್ಬ ಮನುಷ್ಯ ದೊಡ್ಡ ಮನೆಯ ಹಂಗಿಲ್ಲದೆ ಅಲ್ಲಿ ಬದುಕುವಂತಿರಬೇಕು. ಮಲಗುವ ಜಾಗ, ಬಚ್ಚಲು, ಕಕ್ಕಸು, ತನ್ನದೇ ಬಾಗಿಲು, ಅಡುಗೆಮನೆ. ದೊಡ್ಡ ಮನೆಗಿಂತ ಚಿಕ್ಕದಿರಬೇಕು, ಅದೇ ನಿವೇಶನದಲ್ಲಿರಬೇಕು. ಫ್ಯಾನಿ ಮೇ ನಿಯಮದಲ್ಲಿ ಅಡುಗೆಮನೆ ಅಂದರೆ ಏನು ಅಂತ ಬಿಡಿಸಿ ಬರೆದಿದ್ದಾರೆ. ಕಪಾಟು, ಕಟ್ಟೆ, ನೀರು ಬರುವ ಸಿಂಕು, ಒಲೆ. ಒಲೆ ಇಲ್ಲದಿದ್ದರೆ ಒಲೆ ಕೂರಿಸುವ ಸಂಪರ್ಕವಾದರೂ ಇರಬೇಕು, ಅಂದರೆ ಗ್ಯಾಸಿನ ಪೈಪು ಇಲ್ಲವೇ ಎಲೆಕ್ಟ್ರಿಕ್ ಒಲೆಗೆ ಬೇಕಾದ ದೊಡ್ಡ ಪ್ಲಗ್ಗು. ಮೈಕ್ರೋವೇವ್ ಇಟ್ಟರೆ ನಡೆಯುವುದಿಲ್ಲ. ಹಾಟ್‌ಪ್ಲೇಟ್ ಇಟ್ಟರೂ ನಡೆಯುವುದಿಲ್ಲ. ನಮ್ಮವರು ಕಟ್ಟೆಯ ಮೇಲೆ ಇಡುವ ಒಂದು ಬರ್ನರಿನ ಇಂಡಕ್ಷನ್ ಒಲೆಯನ್ನು ತೋರಿಸಿ "ಇದೆಯಲ್ಲ ಮೇಡಂ ಒಲೆ" ಅನ್ನುತ್ತಾರೆ. ಎತ್ತಿಕೊಂಡು ಹೋಗಬಹುದಾದ ಒಲೆ ಅಡುಗೆಮನೆ ಮಾಡುವುದಿಲ್ಲ.

ಅದೇ ಅಮ್ಮನ ಕೋಣೆಗೆ ಒಂದು ಮೂಲೆಯಲ್ಲಿ ಸಿಂಕು, ಕಪಾಟು, ಗ್ಯಾಸಿನ ಪೈಪು ಎಳೆಸಿ, ಪರ್ಮಿಟ್ ತೆಗೆಸಿದ್ದರೆ? ಆಗಲೂ ಮನೆಯ ಅಳತೆ 1,820ಕ್ಕೇ ನಿಲ್ಲುತ್ತಿತ್ತು. ಆದರೆ ಅದು ಎಡಿಯು ಅನ್ನುವ ಬೇರೆ ಸಾಲಿಗೆ ಹೋಗುತ್ತಿತ್ತು, ಅದನ್ನು ಎಡಿಯು ಇರುವ ಬೇರೆ ಮನೆಗಳ ಜೊತೆ ಹೋಲಿಸುತ್ತಿದ್ದೆ. ಬಾಡಿಗೆ ಬರುವ ಕಟ್ಟಡ ಅಂತ ಕೊಳ್ಳುವವರು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಸರ್ಕಾರ ವಿಮೆ ಕೊಡುವ ಎಫ್‌ಎಚ್‌ಎ ಸಾಲದಲ್ಲಂತೂ 2023ರ ಅಕ್ಟೋಬರ್‌ನಿಂದ ಎಡಿಯು ಬಾಡಿಗೆಯ ಒಂದು ಪಾಲನ್ನು ಸಾಲ ಕೇಳುವವರ ಆದಾಯಕ್ಕೆ ಸೇರಿಸಿಕೊಳ್ಳಲು ಬಿಟ್ಟಿದ್ದಾರೆ. ಕಟ್ಟುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿದ್ದರೆ, ಆ ಅಮ್ಮನ ಮಗ, ಪ್ಲಂಬರ್ ಬಂದ ದಿನವೇ ಆ ಪೈಪನ್ನೂ ಎಳೆಸಿಬಿಡುತ್ತಿದ್ದ. ನೆಲ ಅಗೆದಿತ್ತು, ಗೋಡೆ ತೆರೆದಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮ ಮನೆಗಳಲ್ಲಿ ಒಗ್ಗರಣೆ ಘಾಟು ಮನೆಯೊಳಗೆ ಬರಬಾರದು ಅಂತ ಹಿಂದಿನ ಗ್ಯಾರೇಜಿನಲ್ಲಿ ಎರಡನೇ ಅಡುಗೆಮನೆ ಮಾಡಿಸುತ್ತಾರೆ. ಮೀನು ಕರಿಯುವುದು, ಹಬ್ಬದ ಚಕ್ಕುಲಿ, ಹಪ್ಪಳ, ಎಲ್ಲ ಅಲ್ಲೇ. ಅಲ್ಲಿ ಒಲೆ ಇದೆ, ಸಿಂಕಿದೆ, ಚಿಮಣಿ ಇದೆ. ಆದರೆ ಮಲಗುವ ಜಾಗ ಇಲ್ಲ, ಬಚ್ಚಲಿಲ್ಲ. ಅದು ಎಡಿಯು ಅಲ್ಲ. ಬರೀ ಎರಡನೇ ಅಡುಗೆಮನೆ ಇದ್ದ ಮಾತ್ರಕ್ಕೆ ಎಡಿಯು ಆಗುವುದಿಲ್ಲ ಅಂತ ನಿಯಮದಲ್ಲಿ ಸ್ಪಷ್ಟವಾಗಿ ಇದೆ.

ಎಡಿಯುಗೂ ಎರಡು ಮನೆಗಳ ಆಸ್ತಿಗೂ ನಡುವೆ ಇನ್ನೊಂದು ಗೆರೆ ಇದೆ. ಕರೆಂಟಿಗೆ, ನೀರಿಗೆ ಬೇರೆ ಮೀಟರು, ಟಪಾಲಿಗೆ ಬೇರೆ ವಿಳಾಸ, ಕಾನೂನು ಪ್ರಕಾರ ಬಾಡಿಗೆಗೆ ಕೊಡಲು ಬರುತ್ತದಾ ಅನ್ನುವುದನ್ನೆಲ್ಲ ನೋಡಿ ಅಪ್ರೈಸರ್ ತೀರ್ಮಾನ ಮಾಡುತ್ತಾರೆ. ಎರಡು ಮನೆ ಅಂತಾದರೆ ಫಾರ್ಮೂ ಬೇರೆ, ಸಾಲದ ನಿಯಮಗಳೂ ಬೇರೆ. ಇದು ಬಹಳ ಕಡಿಮೆ ಜನಕ್ಕೆ ಬರುವ ಪ್ರಶ್ನೆ, ಇಲ್ಲಿಗೇ ಬಿಡುತ್ತೇನೆ.

ಪರ್ಮಿಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಪರ್ಮಿಟ್ ಇಲ್ಲದೆ ಮಾಡಿಸಿದ ಕೆಲಸ ಕಂಡರೆ ನಾನು ಬರೆಯಲೇಬೇಕು. ಕೆಲಸ ಹೇಗಿದೆ, ನೋಡಲು ಹೇಗಿದೆ, ಬೆಲೆಯ ಮೇಲೆ ಏನು ಪರಿಣಾಮ, ಇಷ್ಟನ್ನೂ ಹೇಳಬೇಕು. ಪರ್ಮಿಟ್ ಇಲ್ಲ ಅಂದ ತಕ್ಷಣ ಬೆಲೆ ಸೊನ್ನೆ ಅಲ್ಲ. ಆದರೆ ಅಂಥದ್ದೇ ಪರ್ಮಿಟ್ ಇಲ್ಲದ ಕೋಣೆ ಇರುವ ಮನೆ ಎಲ್ಲಿ ಮಾರಾಟವಾಯಿತು, ಜನ ಅದಕ್ಕೆ ಎಷ್ಟು ಕೊಟ್ಟರು ಅಂತ ನಾನು ತೋರಿಸಬೇಕು. ತೋರಿಸಲು ಆಗದಿದ್ದರೆ ಅಂಕಿ ಬರೆಯಲು ಕೈ ಬರುವುದಿಲ್ಲ. ಹಳೆಯ ಮಾಲೀಕರು ಮಾಡಿಸಿದ ಹಿತ್ತಲ ಮನೆಯನ್ನು ಗೊತ್ತಿಲ್ಲದೆ ಕೊಂಡವರು ನಮ್ಮಲ್ಲಿ ಇದ್ದಾರೆ. ಅವರಿಗೆ ಒಂದು ಒಳ್ಳೆ ಸುದ್ದಿ. 2020ಕ್ಕೆ ಮುಂಚೆ ಪರ್ಮಿಟ್ ಇಲ್ಲದೆ ಕಟ್ಟಿದ ಎಡಿಯುಗಳನ್ನು ಸಕ್ರಮ ಮಾಡಿಕೊಳ್ಳುವುದನ್ನು 2024ರಲ್ಲಿ ಬಂದ ಕ್ಯಾಲಿಫೋರ್ನಿಯಾ ಕಾನೂನು ಸುಲಭ ಮಾಡಿದೆ. ಜನರ ಜೀವಕ್ಕೆ ಅಪಾಯ ಆಗುವಂಥ ದೋಷ ಇದ್ದರೆ ಸರಿಪಡಿಸಬೇಕು. ಅದು ಬಿಟ್ಟು ಇವತ್ತಿನ ಕಟ್ಟಡ ನಿಯಮಕ್ಕೆ ಸರಿಯಾಗಿಲ್ಲ ಅಂತ ತಳ್ಳುವಂತಿಲ್ಲ.

ಪರ್ಮಿಟ್ ತೆಗೆಸಿದರೆ ಆಸ್ತಿ ತೆರಿಗೆ ಏರಿಬಿಡುತ್ತದೆ ಅಂತ ಹೆದರುವವರು ಜಾಸ್ತಿ. ಏರುತ್ತದೆ, ನಿಜ. ಆದರೆ 1978ರ ಪ್ರೊಪೊಸಿಷನ್ 13 ಅನ್ನುವ ಆಸ್ತಿ ತೆರಿಗೆ ಕಾನೂನಿನ ಪ್ರಕಾರ ಹೊಸದಾಗಿ ಕಟ್ಟಿದ್ದಕ್ಕೆ ಮಾತ್ರ ಈಗಿನ ಬೆಲೆ ಹಾಕುತ್ತಾರೆ. ನಿಮ್ಮ ಹಳೇ ಮನೆಯ ಮೂಲ ಬೆಲೆ ಹಾಗೇ ಇರುತ್ತದೆ. ಆ ಹೆದರಿಕೆಗೆ ಪರ್ಮಿಟ್ ಬಿಡಬೇಡಿ.

ಶೆಡ್ಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಿಂದ ತಂದು ಜೋಡಿಸಿ ನೆಲದ ಮೇಲೆ ಸುಮ್ನೆ ಇಟ್ಟ ಶೆಡ್ಡು, ಚಕ್ರದ ಮೇಲಿರುವ ಟೈನಿ ಹೌಸು, ಇವು ಸಾಮಾನಿನ ಲೆಕ್ಕ, ಸ್ಥಿರಾಸ್ತಿ ಅಲ್ಲ. ನಿಮ್ಮ ಸೋಫಾ ಹೇಗೋ ಹಾಗೆ. ಅಡಿಪಾಯ ಹಾಕಿ ಕಟ್ಟಿದ್ದಾದರೆ ಔಟ್‌ಬಿಲ್ಡಿಂಗ್. ಶೆಡ್ಡಿಗೆ ಬೆಲೆ ಬರದಿದ್ದರೂ ಅದು ಸಾಲವನ್ನು ನಿಲ್ಲಿಸಬಲ್ಲದು, ಇದೊಂದು ನೆನಪಿಟ್ಟುಕೊಳ್ಳಿ. 1978ಕ್ಕೆ ಮುಂಚೆ ಕಟ್ಟಿದ ಮನೆಗೆ ಎಫ್‌ಎಚ್‌ಎ ಸಾಲ ಆದರೆ, ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತ, ಸುಲಿದು ಉದುರುತ್ತಿರುವ ಬಣ್ಣವನ್ನು ನಾವು ಗುರುತಿಸಬೇಕು. ಮನೆಯದ್ದಷ್ಟೇ ಅಲ್ಲ, ಬೇಲಿಯದ್ದು, ಗ್ಯಾರೇಜಿನದ್ದು, ಶೆಡ್ಡಿನದ್ದೂ. ಹಿತ್ತಲ ಮೂಲೆಯ ಮುರುಕು ಶೆಡ್ಡಿನ ಬಣ್ಣ ಕೆರೆದು ಹೊಸದು ಹೊಡೆಸುವ ತನಕ ಒಬ್ಬರ ಮನೆ ಕೊಳ್ಳುವ ದಿನ ಮುಂದಕ್ಕೆ ಹೋದದ್ದನ್ನು ನೋಡಿದ್ದೇನೆ.

ಕೊಟ್ಟಿಗೆ ವಿಷಯ ಸ್ವಲ್ಪ ಬೇರೆ. ಊರಿನ ನೆನಪಿಗೆ ಅಂತ ನಗರದಿಂದ ದೂರ ಐದು ಹತ್ತು ಎಕರೆ ತೆಗೆದುಕೊಳ್ಳುವ ಆಸೆ ನಮ್ಮಲ್ಲಿ ಹಲವರಿಗೆ ಇದೆ. ಅಲ್ಲಿ ದೊಡ್ಡ ಕೊಟ್ಟಿಗೆ ಇದ್ದರೆ ಅದು ಲಾಭ ಅಂತ ತೋರುತ್ತದೆ. ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಕೊಟ್ಟಿಗೆ, ಸೌದೆ ಮನೆ, ಹಂಡೆ ಒಲೆಯ ಬಚ್ಚಲುಮನೆ ಎಲ್ಲವೂ ಮನೆಯೇ. ಇಲ್ಲಿನ ಸಾಲದ ನಿಯಮ ಹಾಗೆ ನೋಡುವುದಿಲ್ಲ. ಚಿಕ್ಕ ಕೊಟ್ಟಿಗೆ, ಒಂದೆರಡು ಕುದುರೆ ಲಾಯ ಇದ್ದು, ಒಟ್ಟು ಬೆಲೆಯಲ್ಲಿ ಅದರ ಪಾಲು ಅಲ್ಪ ಆಗಿದ್ದರೆ ತೊಂದರೆ ಇಲ್ಲ. ಆದರೆ ಧಾನ್ಯದ ಎತ್ತರದ ಗೋಪುರ, ಭಾರೀ ಕೊಟ್ಟಿಗೆ, ದನ ಕೋಳಿ ಸಾಕುವ ಕಟ್ಟಡ ಇದ್ದರೆ ಇದು ವಾಸದ ಮನೆಯೋ ಕೃಷಿ ಆಸ್ತಿಯೋ ಅನ್ನುವ ಪ್ರಶ್ನೆ ಏಳುತ್ತದೆ. ಕೃಷಿ ಆಸ್ತಿ ಅಂತಾದರೆ ಫ್ಯಾನಿ ಮೇ ಆ ಸಾಲ ಕೊಳ್ಳುವುದಿಲ್ಲ. ನಾನು ಕೊಟ್ಟಿಗೆಗೆ ಒಂದು ಡಾಲರೂ ಬೆಲೆ ಹಾಕದಿದ್ದರೂ ಆ ಪ್ರಶ್ನೆ ಹೋಗುವುದಿಲ್ಲ, ಬ್ಯಾಂಕು ಅದನ್ನು ಕೇಳಲೇಬೇಕು. ಅಂಥ ಜಾಗ ಇಷ್ಟವಾದರೆ ಮುಂಗಡ ಕೊಡುವ ಮುಂಚೆ ನಿಮ್ಮ ಬ್ಯಾಂಕಿನವರಿಗೆ ಕೊಟ್ಟಿಗೆಯ ಫೋಟೋ ಕಳಿಸಿ ಕೇಳಿ.

ಇಲ್ಲಿಂದ ಮುಂದೆ ಪ್ರಶ್ನೆಗಳು.

ಒಬ್ಬರು ಕೇಳಿದರು: "ಎಡಿಯು ಬೇಡ, ತಲೆನೋವು ಅಂತ ಒಲೆ ತೆಗೆದುಬಿಟ್ಟರೆ ಅದು ಮತ್ತೆ ಬರೀ ಕೋಣೆ ಆಗುತ್ತಾ?" ಆಗುವುದಿಲ್ಲ. ಅಪ್ರೈಸರ್ ಬರುವ ದಿನ ಒಲೆ ಎತ್ತಿ ಗ್ಯಾರೇಜಿಗೆ ಇಡುವವರು ಇದ್ದಾರೆ ಅಂತ ನಿಯಮ ಮಾಡಿದವರಿಗೂ ಗೊತ್ತು. ಒಲೆ ತೆಗೆದ ಮಾತ್ರಕ್ಕೆ ವರ್ಗ ಬದಲಾಗುವುದಿಲ್ಲ ಅಂತ ಬರೆದೇ ಇಟ್ಟಿದ್ದಾರೆ.

"ಹಿತ್ತಲ ಮನೆಯನ್ನು ಮಾತ್ರ ಬೇರೆಯಾಗಿ ಮಾರಬಹುದಾ ಅಕ್ಕ?" ಅಂತ ಒಬ್ಬ ಹುಡುಗಿ ಕೇಳಿದಳು. ಸಾಮಾನ್ಯವಾಗಿ ಇಲ್ಲ. ಆದರೆ 2023ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ಊರಿನ ಆಡಳಿತ ಒಪ್ಪಿದರೆ ಎಡಿಯುವನ್ನು ಕಾಂಡೋ ಥರ, ಅಂದರೆ ಅಪಾರ್ಟ್‌ಮೆಂಟಿನ ಫ್ಲ್ಯಾಟಿನ ಹಾಗೆ, ಬೇರೆ ಮಾಡಿ ಮಾರಬಹುದು. ಸ್ಯಾನ್ ಹೋಸೆ ಒಪ್ಪಿಕೊಂಡಿದೆ. ನಿಮ್ಮ ಊರು ಒಪ್ಪಿದೆಯಾ ಅಂತ ಸಿಟಿ ಪ್ಲಾನಿಂಗ್ ಕೌಂಟರಿನಲ್ಲಿ ಕೇಳಬೇಕು.

ಹಿರಿಯರೊಬ್ಬರು ಬೇಸರದಿಂದಲೇ ಕೇಳಿದರು. ತಮ್ಮ ಮನೆಗೆ ಬಂದ ಅಪ್ರೈಸರ್ ಎಡಿಯು ಇರುವ ಒಂದೇ ಒಂದು ಮಾರಾಟವನ್ನೂ ನೋಡಿಲ್ಲ, ಶೆಡ್ಡಿನ ಹಾಗೆ ಬರೆದುಹೋಗಿದ್ದಾರೆ, ಏನು ಮಾಡಬೇಕು? ಅಂಕಲ್, ಅದು ತಪ್ಪಾಗಿರಬಹುದು. ಅಪ್ರೈಸರ್‌ಗೆ ಫೋನ್ ಮಾಡಬೇಡಿ. ಬ್ಯಾಂಕಿನ ಮೂಲಕ ಬೆಲೆಯ ಮರುಪರಿಶೀಲನೆ ಕೇಳಿ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಕೊಳ್ಳುವ ಸಾಲವಾದರೆ, 2024ರ ಆಗಸ್ಟ್ 29ರಿಂದ ಈ ದಾರಿ ಹೇಗೆ ಅಂತ ಬ್ಯಾಂಕು ನಿಮಗೆ ತಿಳಿಸಲೇಬೇಕು. ಒಂದೇ ಸಲ ಸಿಗುವ ಅವಕಾಶ ಅದು, ಹಾಗಾಗಿ ಸಿಟ್ಟಿನಲ್ಲಿ ಎರಡು ಸಾಲು ಬರೆದು ಕಳಿಸಬೇಡಿ. ಹತ್ತಿರದಲ್ಲಿ ಎಡಿಯು ಸಮೇತ ಮಾರಾಟವಾದ ಮನೆಗಳನ್ನು ಹುಡುಕಿ, ವಿಳಾಸ, ಮಾರಾಟದ ದಿನ, ಬೆಲೆ ಬರೆದು, ನಿಮ್ಮ ಪರ್ಮಿಟ್ ಪ್ರತಿ ಜೊತೆಗಿಟ್ಟು ಕೊಡಿ. ನನಗೆ ಅಂಥ ಪತ್ರ ಬಂದಾಗ ನಾನು ಒಂದೊಂದು ಮನೆಯನ್ನೂ ತೆಗೆದು ನೋಡಿದ್ದೇನೆ. ನಾನು ಬಿಟ್ಟುಹೋಗಿದ್ದ ಮಾರಾಟ ಸಿಕ್ಕಿ ಅಂಕಿ ಬದಲಾಯಿಸಿದ್ದೂ ಇದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಮೇಡಂ, ಬುಧವಾರ ನಮ್ಮನೆಗೆ ಅಪ್ರೈಸರ್ ಬರ್ತಿದ್ದಾರೆ. ಹಿತ್ತಲಲ್ಲಿ ಎಡಿಯು ಇದೆ. ನಾವೇನು ಮಾಡಬೇಕು?"

ಪರ್ಮಿಟ್, ನಕ್ಷೆ, ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಸಹಿ ಮಾಡಿದ ಹಾಳೆ, ಇಷ್ಟನ್ನು ಅಡುಗೆಮನೆ ಕಟ್ಟೆಯ ಮೇಲೆ ಇಡಿ. ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರರಿಗೆ ಮೊದಲೇ ಹೇಳಿ, ಬೀಗದ ಕೈ ತೆಗೆದಿಡಿ. ಹಿತ್ತಲ ಮನೆಯ ಹೊರಗೋಡೆಗೆ ಒರಗಿಸಿರುವ ಏಣಿ, ಸೈಕಲ್, ಗೊಬ್ಬರದ ಚೀಲ ಪಕ್ಕಕ್ಕೆ ಸರಿಸಿ, ಟೇಪು ಗೋಡೆಗೆ ತಾಗಬೇಕು. ಒಲೆ ಇದ್ದ ಜಾಗದಲ್ಲೇ ಇರಲಿ. ನಾಯಿ ಇದ್ದರೆ ಕಟ್ಟಿಹಾಕಿ. ಮನೆಯೊಳಗೆ ಅಮ್ಮ ಇದ್ದರೆ, ಯಾರೋ ಬಂದು ಅಳತೆ ಮಾಡುತ್ತಾರೆ, ಗಾಬರಿ ಆಗಬೇಡಿ ಅಂತ ಅವರಿಗೂ ಒಂದು ಮಾತು ಹೇಳಿಡಿ.